ದನದ ಕೊಟ್ಟಿಗೆಯಲ್ಲಿ ವಿಲಾಯತಿ ಕಾರು

ಹಳೇ ಕಾರು ಇಟ್ಟುಕೊಂಡವರ ಮನೆಯಲ್ಲಿ ನಗುವಂಥ ಪ್ರಸಂಗಗಳಿಗೆ ಎಂದೂ ಕೊರತೆ ಬೀಳುವುದಿಲ್ಲ. ನಗುವವರು ಮಾತ್ರ ಯಾವಾಗಲೂ ಪಕ್ಕದ ಮನೆಯವರು.

ಎಪ್ಪತ್ತರ ದಶಕದ ಮಾತು. ನಾನಾಗ ಬಳ್ಳಾರಿಯಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನನಗೂ, ಔಷಧದ ಅಂಗಡಿ ಇಟ್ಟಿದ್ದ ನನ್ನ ಗೆಳೆಯನಿಗೂ ಹಳೇ ವಿಲಾಯತಿ ಕಾರಿನ ಹುಚ್ಚು. ಎಮ್ಮೆ ಮಾರಿದ ಮೇಲೆ ನಮ್ಮ ಹಿತ್ತಲ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅದನ್ನೇ ಗ್ಯಾರೇಜು ಮಾಡೋಣ, ನಮ್ಮಂಥ ಹುಚ್ಚರೆಲ್ಲ ಅಲ್ಲಿಗೆ ಬಂದು ತಮ್ಮ ಕಾರು ತಾವೇ ರಿಪೇರಿ ಮಾಡಿಕೊಳ್ಳಲಿ ಅಂತ ಇಬ್ಬರೂ ನಿಶ್ಚಯಿಸಿದೆವು. ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಎಮ್ಮಿ ಹಾಲರೆ ಕೊಡ್ತಿತ್ತು. ಇದೇನ್ ಕೊಡ್ತೈತ್ರಿ?"

ಗುಂಡಿ

ಕಾರಿನ ಅಡಿಗೆ ನಿಂತು ಕೆಲಸ ಮಾಡಲು ಒಂದು ಗುಂಡಿ ಬೇಕಲ್ಲ, ಮೊದಲು ಅದನ್ನು ತೋಡಲು ಶುರು ಮಾಡಿದೆವು. ಮಧ್ಯಾಹ್ನದೊಳಗೆ ಓಣಿಯ ತುಂಬಾ ಸುದ್ದಿ: ಮೇಷ್ಟ್ರ ಕೊಟ್ಟಿಗೆಯಲ್ಲಿ ನಿಧಿ ಐತಂತ! ಗೋಡೆಯ ಮೇಲೆ ತಲೆಗಳು ಸಾಲಾಗಿ ಎದ್ದವು. ಸಂಜೆಗೆ ಒಬ್ಬ ಪೇದೆಯೂ ಬಂದ.

"ಏನ್ ತೋಡಾಕತ್ತೀರಿ?"

"ಕಾರು ರಿಪೇರಿ ಮಾಡಾಕ ಗುಂಡಿ."

"ಕಾರು ಎಲ್ಲೈತಿ?"

"ಇನ್ನೂ ತಂದಿಲ್ರಿ."

ಅವನು ನನ್ನನ್ನು ಕನಿಕರದಿಂದ ನೋಡಿದ. ಆಮೇಲೆ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿ, ಏನಾದರೂ ಸಿಕ್ಕೀತೆಂದು ಕತ್ತಲಾಗುವ ತನಕ ಕಾದ. ಸಿಕ್ಕಿದ್ದು ಬಂಡೆ. ಬಳ್ಳಾರಿಯಲ್ಲಿ ಎಲ್ಲಿ ತೋಡಿದರೂ ಬಂಡೆಯೇ. ಹಾರೆ ಬಾಗಿತು, ಗುಂಡಿ ಮೊಣಕಾಲುದ್ದಕ್ಕೆ ನಿಂತುಹೋಯಿತು. ಹೆಂಡತಿ ಬಂದು ಬಗ್ಗಿ ನೋಡಿದಳು.

"ಇದರಾಗ ನಿಂದ್ರಾಕಂತೂ ಆಗಂಗಿಲ್ಲ. ನಾಳೆ ನೀವು ಸತ್ರ ಕುಂದ್ರಿಸಿ ಮಣ್ಣು ಮಾಡಾಕೂ ಸಾಲಂಗಿಲ್ಲ."

ಕಾವು

ಕಾರು ಸಿಕ್ಕಿದ್ದು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ. ಕರೀ ಬಣ್ಣ, ಎರಡೂ ಕಡೆ ಅಗಲವಾದ ಫುಟ್‌ಬೋರ್ಡು. ನೋಡಿದೊಡನೆ ಗೆಳೆಯನ ಕಣ್ಣಲ್ಲಿ ನೀರು ಬಂತು. ಎಳೆದುಕೊಂಡು ಹೋಗಲು ಲಾರಿ ಗೊತ್ತುಮಾಡಿಕೊಂಡು ಹೋದ ದಿನ ಗಿರಣಿಯ ಕಾವಲುಗಾರನ ಹೆಂಡತಿ ಕಾರಿನ ಬಾಗಿಲಿಗೆ ಅಡ್ಡ ನಿಂತಳು.

"ಹಿಂದಿನ ಸೀಟಿನ್ಯಾಗ ಕೋಳಿ ಕಾವಿಗೆ ಕುಂತೈತಿ. ಮರಿ ಆಗೋ ತನಕ ಅಲ್ಲಾಡಸಬ್ಯಾಡ್ರಿ."

ಮಾಲೀಕರ ಹತ್ತಿರ ಓಡಿದೆವು. ಅವರು, "ಕಾರು ನಂದು, ಕೋಳಿ ಆಕೀದು. ಆಕೀನ್ನ ಕೇಳ್ರಿ" ಅಂದುಬಿಟ್ಟರು.

ಮೂರು ವಾರ ಬಿಟ್ಟು ಮತ್ತೆ ಲಾರಿ ಮಾಡಿಕೊಂಡು ಹೋದೆವು. ಅಂಗಳದ ತುಂಬ ಮರಿಗಳು ಓಡಾಡುತ್ತಿದ್ದವು. ಖುಷಿಯಿಂದ ಬಾಗಿಲಿಗೆ ಕೈ ಹಾಕಿದೆ. ಆಕೆ ಮತ್ತೆ ಅಡ್ಡ ಬಂದಳು.

"ಹಿಂದಿನ ಸೀಟು ಖಾಲಿ ಆತ್ರಿ. ಮುಂದಿನ ಸೀಟಿನ್ಯಾಗ ಅದರ ಅಕ್ಕ ಕುಂತೈತಿ."

ಸಪ್ಪಳ

ಕಾರು ಕೊನೆಗೂ ಬಂತು. ಅದರ ಹಿಂದೆಯೇ ಹುಚ್ಚರೂ ಬಂದರು. ಆದರೆ ಯಾರೂ ಸ್ಪ್ಯಾನರ್ ಹಿಡಿಯಲು ಬರಲಿಲ್ಲ, ಚಹಾ ಕುಡಿದು ಸಲಹೆ ಕೊಡಲು ಬಂದರು. ಅವರಲ್ಲಿ ರಿಟೈರಾದ ಓವರ್‌ಸಿಯರ್ ಒಬ್ಬರು ಬಾನೆಟ್ಟಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಆಲಿಸಿದರು.

"ಟಕಟಕ ಸಪ್ಪಳ ಬರಾಕತ್ತೈತಿ. ಎಂಜಿನ್ನಿನ ವಾಲ್ವು ಸಡಿಲ ಅದಾವ."

ಎಂಜಿನ್ನು ಬಿಚ್ಚಿ ಆಗಲೇ ಮೂಲೆಯಲ್ಲಿ ಗೋಣಿಚೀಲದ ಮೇಲೆ ಇಟ್ಟಿದ್ದೆವು. ಒಳಮನೆಯಲ್ಲಿ ನನ್ನ ಹೆಂಡತಿ ಮಿಷನ್ನಿನ ಮೇಲೆ ಜಂಪರು ಹೊಲಿಯುತ್ತಿದ್ದಳು.

ಹಬ್ಬದ ಸಾರಣೆ

ಎಂಜಿನ್ನು, ಗೇರು, ಹಿಂದಿನ ಅಚ್ಚು ಎಲ್ಲ ಬಿಚ್ಚಿದ್ದೆವು. ಯಾವ ನಟ್ಟು ಎಲ್ಲಿಯದು ಎಂದು ಮರೆಯಬಾರದೆಂದು ಒಂದೊಂದು ಜಾಗದ್ದನ್ನು ಒಂದೊಂದು ಬಟ್ಟಲಿಗೆ ಹಾಕಿಟ್ಟಿದ್ದೆವು. ದೀಪಾವಳಿಗೆ ಮನೆ ಸಾರಿಸುವಾಗ ಹೆಂಡತಿಗೆ ನಮ್ಮ ಮೇಲೆ ಅದೇ ಮೊದಲ ಸಲ ಕರುಣೆ ಹುಟ್ಟಿತು. ಸಾಲೆಯಿಂದ ಬಂದು ನೋಡುತ್ತೇನೆ, ಎಲ್ಲ ನಟ್ಟು ಬೋಲ್ಟು ಸೀಗೇಕಾಯಿ ಹಾಕಿ ತಿಕ್ಕಿ ತೊಳೆದು ಫಳಫಳ ಹೊಳೆಸಿದ್ದಾಳೆ.

"ಸಣ್ಣವು ಒಂದು ಡಬ್ಬಿಗೆ, ದೊಡ್ಡವು ಒಂದು ಡಬ್ಬಿಗೆ ಹಾಕೀನಿ. ನೀವು ಹೆಂಗಂದ್ರ ಹಂಗ ಕಲಸಿಟ್ಟಿದ್ರಿ."

ನಾನು ಅಲ್ಲೇ ಕುಸಿದು ಕೂತೆ. ಗೆಳೆಯ ಬಂದು ನೋಡಿ, ತಾನೂ ನನ್ನ ಪಕ್ಕ ಕೂತ. ಹೇಗೋ ಅಂದಾಜಿನ ಮೇಲೆ ಎಲ್ಲ ಕೂಡಿಸಿದೆವು. ಕೊನೆಗೆ ಒಂದು ಬೊಗಸೆ ಬೋಲ್ಟು ಉಳಿದವು.

"ಇವೆಲ್ಲಿವು?" ಅಂದೆ.

ಗೆಳೆಯ ಸೋತ ದನಿಯಲ್ಲಿ ಅಂದ: "ವಿಲಾಯತಿ ಮಂದಿ ಉದಾರಿಗಳು. ಕೊಸರು ಹಾಕಿರ್ತಾರ."

ಕುರುಗೋಡಿನ ದಾರಿ

ಗೆಳೆಯನ ತಂದೆಗೆ ಕುರುಗೋಡಿನಲ್ಲಿ ಒಬ್ಬಳು ತಂಗಿ. ಯಾವುದೋ ಮದುವೆಯ ಪಂಕ್ತಿಯಲ್ಲಿ ಎದ್ದ ಮಾತಿಗೆ ಅಣ್ಣ ತಂಗಿ ಎಷ್ಟೋ ವರ್ಷ ಮಾತು ಬಿಟ್ಟಿದ್ದರು. ಈಗ ಗೆಳೆಯನ ತಂದೆ, ಆ ಮುದುಕರು, ಜಡ್ಡಿನಿಂದ ಎದ್ದಿದ್ದರು. "ಬಸ್ಸು ಹತ್ತಾಕ ಆಗಂಗಿಲ್ಲ. ನಿಮ್ಮ ಕಾರು ನಡದ್ರ ಒಮ್ಮೆ ತಂಗೀ ಮಾರಿ ತೋರಸ್ರಪಾ" ಅಂದಿದ್ದರು. ಕಾರು ಕೂಡಿಸಿದ ದಿನ ಎಂಜಿನ್ನು ಚಾಲೂ ಆದದ್ದೇ ತಡ, ರುಮಾಲು ಸುತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು.

ಮೊದಲನೇ ಗೇರು ಹಾಕಿದೆ. ಕಾರು ಹಿಂದಕ್ಕೆ ಹೋಗಿ ಗೋದಲಿಗೆ ಗುದ್ದಿತು. ಎರಡನೇದು ಹಾಕಿದೆ, ಅದೂ ಹಿಂದಕ್ಕೇ. ರಿವರ್ಸ್ ಹಾಕಿದರೆ ಮುಂದಕ್ಕೆ ಹೊರಟಿತು! ಹಿಂದಿನ ಅಚ್ಚಿನ ದೊಡ್ಡ ಹಲ್ಲುಚಕ್ರವನ್ನು ನಾವು ತಿರುಗಾಮುರುಗಾ ಕೂಡಿಸಿದ್ದೆವು. ಮತ್ತೆ ಬಿಚ್ಚಬೇಕೆಂದರೆ ಮುದುಕರು ಇಳಿಯಲು ಒಲ್ಲೆ ಅಂದರು.

ಸರಿ, ಆ ರಿವರ್ಸ್ ಗೇರಿನಲ್ಲೇ ಹೊರಟೆವು. ಎಂಜಿನ್ನು ಕೂಗುತ್ತದೆ, ಕಾರು ತೆವಳುತ್ತದೆ. ಹತ್ತಿ ಹೇರಿದ ಬಂಡಿಯವನು ನಮ್ಮನ್ನು ದಾಟಿ ಹೋಗುತ್ತಾ, "ಹಗ್ಗ ಕೊಡ್ಲೇನ್ರೀ ಮೇಷ್ಟ್ರ?" ಅಂದ. ಇನ್ನಷ್ಟು ದೂರ ಹೋಗುವಷ್ಟರಲ್ಲಿ ರೇಡಿಯೇಟರಿನ ನೀರು ಕುದ್ದು ಹಬೆ ಎದ್ದಿತು. ಗೆಳೆಯ ರಸ್ತೆಯ ಪಕ್ಕ ಕೂತು ನಿಜವಾಗಿಯೂ ಅತ್ತ. "ಅಪ್ಪ ಒಂದು ಮಾತು ಕೇಳಿದ್ದ. ಅದೂ ಆಗಲಿಲ್ಲ ನನ್ನ ಕೈಲೆ."

ಒಳಗಿನಿಂದ ಮುದುಕರು ಕೇಳಿದರು: "ಹಿಂದಕ್ಕ ಜೋರು ಓಡ್ತೈತೇನು?"

"ಓಡ್ತೈತ್ರಿ."

"ಮತ್ತ ಹಿಂದಕ್ಕ ಹೊಡೀರಲ್ಲ! ಕುರುಗೋಡಿಗೆ ಯಾವ ಕಡಿಂದ ಹೋದ್ರೇನು?"

ಎಂಜಿನ್ನು ಆರಿದ ಮೇಲೆ ನೀರು ತುಂಬಿ ಕಾರು ತಿರುಗಿಸಿದೆವು. ನಾನು ಕತ್ತು ಹೊರಳಿಸಿ ಹಿಂದೆ ನೋಡುತ್ತ ಹೊಡೆದೆ. ಗೆಳೆಯ ಫುಟ್‌ಬೋರ್ಡಿನ ಮೇಲೆ ನಿಂತು "ಎಡಕ್ಕ! ಬಲಕ್ಕ! ಎಮ್ಮಿ ಐತಿ!" ಅಂತ ಕೂಗಿದ. ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಜನ ಎದ್ದು ನಿಂತು, ಕಾರು ಬರಾಕತ್ತೈತೋ ಹೋಗಾಕತ್ತೈತೋ ಅಂತ ತಮ್ಮತಮ್ಮಲ್ಲೇ ವಾದಕ್ಕೆ ಬಿದ್ದರು.

ತಂಗಿಯ ಮನೆಯ ಮುಂದೆ ನಿಲ್ಲಿಸಿದೆವು. ಸಪ್ಪಳ ಕೇಳಿ ಆಕೆ ಹೊಸ್ತಿಲಿಗೆ ಬಂದರು. ಕಂಡದ್ದು ಕಾರಿನ ಬೆನ್ನು, ಹಿಂದಿನ ಗಾಜಿನಲ್ಲಿ ಅಣ್ಣನ ರುಮಾಲಿನ ಬೆನ್ನು. ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರು ಮಾಡಿದರು.

"ಇನ್ನೂ ಸಿಟ್ಟು ಹೋಗಿಲ್ಲೇನಣ್ಣಾ? ಬಳ್ಳಾರಿಯಿಂದ ಮನಿ ತನಕ ಬೆನ್ನು ಮಾಡ್ಕೊಂಡು ಬಂದೀಯಲ್ಲ!"

ಮುದುಕರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಅವರ ಕಣ್ಣೂ ತುಂಬಿದ್ದವು.

"ಸಿಟ್ಟು ಯಾವಾಗೋ ಹೋತು, ತಂಗೆವ್ವಾ. ಇವತ್ತ ಹೋಗಿದ್ದು ಗೇರು!"