ಬಾಳೆಹಣ್ಣನ್ನು ಆನೆ ಎಂದವರು

ನಮ್ಮ ದೊಡ್ಡ ಭಾವನವರಿಗೆ ಎಪ್ಪತ್ತೊಂದು ವರ್ಷ ಎಂದು ಆಧಾರ್ ಕಾರ್ಡು ಹೇಳುತ್ತದೆ. ನಂಬಬೇಡಿ! ಕಳೆದ ವರ್ಷದಿಂದ ಅವರ ಪ್ರಾಯ ಹಿಂದಕ್ಕೆ ನಡೆಯುತ್ತಿದೆ. ಈಗ ಹೆಚ್ಚೆಂದರೆ ಆರಿರಬಹುದು. ಇದೇ ವೇಗದಲ್ಲಿ ಹೋದರೆ ಬರುವ ಚೌತಿಯ ಹೊತ್ತಿಗೆ ಅಟ್ಟದಿಂದ ತೊಟ್ಟಿಲು ಇಳಿಸಬೇಕಾದೀತು.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಮೂವತ್ತಮೂರು ವರ್ಷ ಶಾಲೆ ಮಾಷ್ಟ್ರಾಗಿದ್ದು ಈಗ ನರಿಮೊಗರಿನಲ್ಲಿದ್ದಾರೆ. ‘ನನಗೆ ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ತಾನು ಹೆಸರೇ ಕೇಳದ ಊರಿಗೂ ದಾರಿ ಹೇಳಿ ಜನರನ್ನು ಕಳಿಸಿದವರು! ಅಂಥವರ ಕೈಗೆ ಹಳೇ ಪುಸ್ತಕದ ರಾಶಿಯಲ್ಲಿ ಚೀನಾದ ಯಾವುದೋ ಋಷಿಯ ಪುಸ್ತಕ ಸಿಕ್ಕಿತು.

“ತಾವೋ ಅಂದ್ರೆ ದಾರಿ ಮಾರಾಯ್ತಿ,” ಎಂದು ನಮ್ಮ ಪುತ್ತೂರಿನ ಮನೆಗೆ ಬಂದು ಹೇಳಿದರು. “ಕಲಿತದ್ದನ್ನೆಲ್ಲ ಇಳಿಸಿ ಮಗುವಿನ ಮನಸ್ಸಿಗೆ ವಾಪಸು ಹೋಗುದು. ಅಷ್ಟೇ.”

“ಕಾಫಿ ಕುಡಿದು ಹೋಗ್ತೀರಾ, ಈಗಲೇ ಹೋಗ್ತೀರಾ?” ಎಂದೆ.

ನಗಿಸಬೇಕೆಂದೇ ಬರೆಯಲು ಕೂತಿದ್ದೇನೆ. ಆದರೆ ನಿಮ್ಮಲ್ಲಿ ಮುಚ್ಚಿಡುವುದೇಕೆ? ಒಳಗಿನ ಕೋಣೆಯಲ್ಲಿ ನನ್ನ ಯಜಮಾನರು ಆರು ತಿಂಗಳಿಂದ ಮಲಗಿದ್ದಾರೆ. ಮಕರ ಸಂಕ್ರಮಣದ ಮರುದಿನ ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಬಿದ್ದರು. ಬಲಗೈ ಹೋಯಿತು, ಮಾತು ಹೋಯಿತು. ಅದೂ ಎಂಥ ಮಾತು! ವೇಷ ಕುಣಿತ ಇಲ್ಲದೆ ಕೂತಲ್ಲೇ ಮಾತಿನಲ್ಲಿ ಕಥೆ ನಡೆಸುವ ತಾಳಮದ್ದಳೆಯಲ್ಲಿ ಅವರು ಅರ್ಥಧಾರಿ. ಸುಳ್ಯದಿಂದ ಕಡಬದವರೆಗೆ ಅವರನ್ನು ವಾದದಲ್ಲಿ ಸೋಲಿಸಿದವರಿಲ್ಲ. ಆ ಬಾಯಿಗೆ ಮಾತು ಮರಳಿ ಬರಲಿ ಎಂದು ನಾನು ಹೇಳಿಕೊಳ್ಳದ ಹರಕೆ ಇಲ್ಲ. ದೇವರಿಗೂ ಅಡಚಣೆ ಇರಬಹುದು, ದೂರುವುದಿಲ್ಲ. ಎಡಗೈ ಉಳಿಸಿದ್ದಾನೆ. ಗಂಜಿ ನೆತ್ತಿಗೆ ಹತ್ತುವುದು ಕಡಿಮೆಯಾಗಿದೆ. ಇಂಥ ಸಣ್ಣ ಸಣ್ಣ ದಯೆಗಳನ್ನು ಎಣಿಸಿಕೊಂಡು ದಿನ ಶುರು ಮಾಡುತ್ತೇನೆ. ಎಣಿಕೆ ಬೇಗ ಮುಗಿಯುತ್ತದೆ, ದಿನ ಮುಗಿಯುವುದಿಲ್ಲ.

ಇರಲಿ, ಭಾವನ ಕಥೆಗೆ ಬರೋಣ. ಯಜಮಾನರು ಬೀಳುವುದಕ್ಕಿಂತ ಮೊದಲಿನ ಮಾತು. ಭಾವ ಒಂದು ದಿನ ಸಿಕ್ಕಿದ ಬಸ್ಸು ಹತ್ತಿದರು.

“ಎಲ್ಲಿಗೆ ಅಜ್ಜೇರೆ?” ಎಂದ ಕಂಡಕ್ಟರ್.

“ಗೊತ್ತಿಲ್ಲ. ದಾರಿ ಎಲ್ಲಿಗೆ ಕರ್ಕೊಂಡು ಹೋಗ್ತದೋ ಅಲ್ಲಿಗೆ.”

“ದಾರಿ ನೀವು ನೋಡಿಕೊಳ್ಳಿ, ನಂಗೆ ಸ್ಟಾಪಿನ ಹೆಸರು ಬೇಕು!”

ಕೊನೆಗೆ ಪಕ್ಕದ ಹೆಂಗಸು ಹೇಳಿದ ಊರನ್ನೇ ಇವರೂ ಹೇಳಿ ಕೊಯಿಲದಲ್ಲಿ ಇಳಿದರು. ಅಲ್ಲಿ ಸರಕಾರಿ ಜಾನುವಾರು ಫಾರ್ಮಿನ ಬೇಲಿಗೆ ಒರಗಿ ಒಂದು ಎಮ್ಮೆಯನ್ನು ಎರಡು ಗಂಟೆ ನೋಡಿದರಂತೆ! ಕಾವಲಿನವನಿಗೆ ಸಂಶಯ ಬಾರದೆ ಇರುತ್ತದೆಯೇ?

“ಎಂತ ನೋಡುದು?” ಎಂದು ಗದರಿಸಿದ.

“ಅದು ಎಂತ ಮಾಡುದು ಅಂತ.”

“ಎಂತ ಮಾಡ್ತದೆ?”

“ಎಂತದೂ ಇಲ್ಲ. ಆದ್ರೆ ಎಷ್ಟು ಚಂದ ಮಾಡ್ತದೆ ನೋಡಿ!”

ಕಾವಲಿನವನೂ ಸ್ವಲ್ಪ ಹೊತ್ತು ನಿಂತು ನೋಡಿದನಂತೆ. ಇದು ಭಾವನೇ ಹೇಳಿದ್ದು, ಎಷ್ಟು ನಂಬಬೇಕೋ ನಿಮಗೆ ಬಿಟ್ಟದ್ದು.

ವಿಜಯದಶಮಿಯ ದಿನ ಮಾತ್ರ ನನಗೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಹಾಗಾಯಿತು. ದೇವಸ್ಥಾನದಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ. ಹರಿವಾಣದ ಅಕ್ಕಿಯಲ್ಲಿ ಭಟ್ಟರು ಬೆರಳು ಹಿಡಿದು ಬರೆಸುತ್ತಿದ್ದರು. ಮೂರು ವರ್ಷದ ಮಕ್ಕಳ ಸಾಲು, ನಡುವೆ ತಾಳೆಮರದ ಹಾಗೆ ನಮ್ಮ ಭಾವ! ಭಟ್ಟರು ಅವರ ಹಳೇ ವಿದ್ಯಾರ್ಥಿ ಬೇರೆ.

“ಮಾಷ್ಟ್ರೆ, ನಿಮಗೆ ಅಕ್ಷರ ಕಲಿಸುದಾ? ನೀವು ಹಿಂಡಿದ ಕಿವಿ ಈಗಲೂ ಉರೀತದೆ.”

“ಕಲೀಲಿಕ್ಕೆ ಬಂದದ್ದಲ್ಲ ಮಾರಾಯ, ಕಲಿತದ್ದನ್ನು ಅಳಿಸ್ಲಿಕ್ಕೆ. ಅದಕ್ಕೆ ಯಾವ ಸೇವೆ ಮಾಡಿಸಬೇಕು?”

ಭಟ್ಟರು ಸೇವೆಯ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಇರಲಿಲ್ಲ.

ಇದನ್ನೆಲ್ಲ ಕೇಳಿ ಯಜಮಾನರು ಬಿಡುತ್ತಾರೆಯೇ? ಅಣ್ಣ ಬಾಯಿ ತೆರೆಯುವುದೇ ತಡ, ಇವರ ಖಂಡನೆ ತಯಾರು. “ನೀರಿನ ಹಾಗೆ ಇರ್ಬೇಕು ಅಂತ ಅಣ್ಣ ಹೇಳಿದ. ಸರಿ. ನಿನ್ನೆ ಬಚ್ಚಲಿನ ನಳ್ಳಿ ತೆರೆದಿಟ್ಟು ಹೋದವ ಯಾರು? ನೀರು ನೀರಿನ ಹಾಗೇ ಇತ್ತು, ಟ್ಯಾಂಕಿ ಖಾಲಿ!” ಅಣ್ಣ ತಮ್ಮ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಆಮೇಲೆ ಆ ಸಂಕ್ರಮಣ ಬಂತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತು ಕಲಿಸಲು ವಾರಕ್ಕೊಮ್ಮೆ ಒಬ್ಬಳು ಹುಡುಗಿ ಬರತೊಡಗಿದಳು. ಒಳ್ಳೆಯ ಹುಡುಗಿ. ಚಿತ್ರದ ಕಾರ್ಡು ತೋರಿಸಿ “ಇದು ಎಂತ ಅಂಕಲ್? ಬಾ... ಬಾಳೆ...” ಎನ್ನುವಳು. ಸಾವಿರ ಜನರೆದುರು ವಾದಿಸಿದ ಮನುಷ್ಯನಿಗೆ ಅಂಗನವಾಡಿಯ ಚಿತ್ರ! ಅವರು ಎಡಗೈಯಿಂದ ಕಾರ್ಡುಗಳನ್ನೆಲ್ಲ ನೆಲಕ್ಕೆ ಚೆಲ್ಲಿ ಗೋಡೆಯ ಕಡೆ ತಿರುಗಿದರು. ಮುಂದಿನ ವಾರವೂ ಹಾಗೆಯೇ. ಅದರ ಮುಂದಿನ ವಾರ ತುಟಿ ಕೂಡ ಬಿಚ್ಚಲಿಲ್ಲ. ಹುಡುಗಿ ನನ್ನನ್ನು ಹೊರಗೆ ಕರೆದು, “ಅವರೇ ಪ್ರಯತ್ನ ಮಾಡದಿದ್ರೆ ನಾನು ಬಂದು ಪ್ರಯೋಜನ ಇಲ್ಲ ಆಂಟಿ. ತಡವಾದಷ್ಟೂ ಕಷ್ಟ,” ಎಂದಳು. ಅವಳ ಚಪ್ಪಲಿಯ ಸದ್ದು ಗೇಟು ದಾಟುವವರೆಗೆ ನಿಂತೇ ಇದ್ದೆ.

ಅದೇ ದಿನ ಬಂದರು ಭಾವ, ಪುಸ್ತಕ ಕಂಕುಳಲ್ಲಿ. ಎಲ್ಲ ಕೇಳಿ ಸಮಾಧಾನ ಹೇಳಲು ಹೋದರು: “ಒಂದು ರೀತಿಯಲ್ಲಿ ನೋಡಿದ್ರೆ ಒಳ್ಳೇದೇ ಮಾರಾಯ್ತಿ. ಮಾತು ಬಿಟ್ಟವನೇ ದಾರಿಗೆ ಹತ್ತಿರ.”

ಮದುವೆಯಾಗಿ ಬಂದ ಮೇಲೆ ನಾನು ಭಾವನೆದುರು ದನಿ ಎತ್ತಿದವಳಲ್ಲ. ಆ ದಿನ ಎತ್ತಿದೆ. “ನಿಮಗೆ ಬಾಯಿ ಉಂಟು ಭಾವ, ನೀವು ಮಾತು ಬೇಡ ಅನ್ಬಹುದು. ಅವರಿಗೆ ಬಾಯಾರಿದ್ರೆ ‘ನೀರು’ ಅಂತ ಹೇಳ್ಲಿಕ್ಕೆ ಆಗುದಿಲ್ಲ. ನಿಮ್ಮ ಚೀನಾದವರ ಹತ್ರ ಇದಕ್ಕೆಂತ ಮದ್ದುಂಟು, ಹೇಳಿ!”

ಭಾವ ಪುಸ್ತಕ ಎತ್ತಿಕೊಂಡು ಎದ್ದರು. “ಗೊತ್ತಿಲ್ಲ,” ಎಂದರು. ಕಾಫಿ ಕುಡಿಯದೆ ಹೋದರು.

ನಾಲ್ಕು ದಿನ ಬಿಟ್ಟು ಬಂದರು. ಪುಸ್ತಕ ಇರಲಿಲ್ಲ. ಸೀದಾ ಒಳಗೆ ಹೋಗಿ ತಮ್ಮನ ಮಂಚದ ಪಕ್ಕ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಆ ಹುಡುಗಿ ಬಿಟ್ಟುಹೋಗಿದ್ದ ಕಾರ್ಡಿನ ಕಟ್ಟು ತೆಗೆದು ಬಾಳೆಹಣ್ಣಿನ ಚಿತ್ರ ಎತ್ತಿ ಹಿಡಿದರು.

“ಇದು ಆನೆ.”

ನಾನು ಹಾಲು ಕಾಯಿಸುತ್ತಿದ್ದವಳು ಬಾಗಿಲಿಗೆ ಬಂದೆ. ಇನ್ನು ಇವರನ್ನೂ ಆಸ್ಪತ್ರೆಗೆ ಸೇರಿಸುವುದೇ ಸರಿ ಎನಿಸಿತು.

“ಆನೆಯೇ,” ಎಂದರು ಭಾವ. “ಸೊಂಡಿಲು ಬಗ್ಗಿದ್ದು ಕಾಣುದಿಲ್ವಾ? ಹಳದಿ ಯಾಕೆ ಅಂದ್ರೆ ಅದಕ್ಕೆ ಕಾಮಾಲೆ.” ಕೊಡೆಯ ಚಿತ್ರ ತೆಗೆದು, “ಇದು ನಮ್ಮ ಅತ್ತೆ. ಒಂದೇ ಕಾಲಲ್ಲಿ ನಿಂತಿದ್ದಾಳೆ.” ಚೆಂಬನ್ನು ಬೆಕ್ಕು ಎಂದರು, ಬೆಕ್ಕನ್ನು ತಹಶೀಲ್ದಾರ್ ಎಂದರು. ಒಂದು ಗಂಟೆ! ಗಂಭೀರವಾಗಿ, ಒಂದೊಂದಕ್ಕೂ ಕಾರಣ ಕೊಟ್ಟು! ಗೋಡೆಯ ಕಡೆಗಿದ್ದ ಮುಖ ಅಲ್ಲಾಡಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೇ ಬಂದರು. ಬಾಳೆಹಣ್ಣು ಇನ್ನೂ ಆನೆಯೇ. ಆ ಹೊತ್ತಿಗೆ ಅದಕ್ಕೆ ಮರಿಯೂ ಆಗಿತ್ತು. ಮೂರನೆಯ ದಿನ ಯಜಮಾನರ ಮುಖ ಸ್ವಲ್ಪ ಈಚೆ ತಿರುಗಿತು. ಹುಬ್ಬು ಗಂಟಾಗಿತ್ತು. ಆ ಗಂಟು ನನಗೆ ಗೊತ್ತು. ಎದುರಾಳಿ ತಪ್ಪು ವಾದ ಹೂಡಿದಾಗ ಬರುವ ಗಂಟು.

ಐದನೆಯ ದಿನ ಭಾವ ಶುರು ಮಾಡಿದರು: “ಈ ಆನೆಯನ್ನು ಸುಲಿದು ಸಕ್ಕರೆ ಹಾಕಿ ರಸಾಯನ ಮಾಡಿದ್ರೆ...”

“ಅ... ಅ...” ಕುತ್ತಿಗೆಯ ನರ ಉಬ್ಬಿತು. ಎಡಗೈ ಮಂಚಕ್ಕೆ ಬಡಿಯಿತು. “ಅಲ್ಲ!”

ಭಾವ ಎದ್ದು ಹಿತ್ತಲಿಗೆ ಹೋದರು. ನಾನು ಹಿಂದೆಯೇ ಓಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಶಾಲನ್ನು ಬಾಯಿಗೊತ್ತಿಕೊಂಡು ಆರು ವರ್ಷದ ಹುಡುಗನ ಹಾಗೆ ಅಳುತ್ತಿದ್ದರು. “ದಾರಿಯೂ ಇಲ್ಲ, ಜ್ಞಾನವೂ ಇಲ್ಲ ಮಾರಾಯ್ತಿ,” ಎಂದರು. “ಇವ ಎದುರು ಹೇಳದಿದ್ರೆ ನಾನು ಹೇಳಿದ್ದು ನನಗೇ ಕೇಳುದಿಲ್ಲ.”

ಆ ಹುಡುಗಿ ಪುನಃ ಬರುತ್ತಿದ್ದಾಳೆ. ಆದರೆ ಒಂದೂವರೆ ತಿಂಗಳಾಯಿತು, ಎರಡನೆಯ ಶಬ್ದ ಬಂದಿಲ್ಲ. ಡಾಕ್ಟ್ರು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಾರೆ. ಗಂಜಿ ಬೇಕಾ ಎಂದರೂ “ಅಲ್ಲ”, ಕಾಲು ನೋಯುತ್ತದಾ ಎಂದರೂ “ಅಲ್ಲ”. ಹೇಳಬೇಕಾದದ್ದು ಬೇರೆಯೇ ಎಂದು ಅವರಿಗೂ ಗೊತ್ತಾಗಿ ಕಣ್ಣು ತುಂಬುತ್ತದೆ. ನಾನು ಗೊತ್ತಾಗದವಳ ಹಾಗೆ ಹೊದಿಕೆ ಸರಿಮಾಡುತ್ತೇನೆ.

ನಿನ್ನೆ ಸಂಜೆ ದೇವರಿಗೆ ದೀಪ ಹಚ್ಚಿ ಅವರ ಹಣೆಗೆ ಗಂಧ ಇಡುವಾಗ ನನಗೆ ತಡೆಯಲಾಗಲಿಲ್ಲ. ಆ ಎಡಗೈಯನ್ನು ಹಿಡಿದುಕೊಂಡು ಕೇಳಿದೆ.

“ಇನ್ನು ನಮ್ಮದು ಇಷ್ಟೆಯಾ?”

ಅವರು ನನ್ನನ್ನೇ ನೋಡಿದರು. ಬಹಳ ಹೊತ್ತು ಬೇಕಾಯಿತು.

“ಅಲ್ಲ.”