ಗುರುವಾರ ಮಾತ್ರ ವಾಸಿಯಾಗುವ ಹೊಟ್ಟೆನೋವು

ಮಕ್ಕಳೇ, ಕೇಳಲು ನಾಚಿಕೆಪಡುವವರಿಗೆ ಅನುಮಾನ ಹೆಚ್ಚು. ಬಾಯಿ ಇದ್ದವರು ಎದುರಿಗೇ ಕೇಳಿ ತಿಳಿದುಕೊಂಡು ನಿಶ್ಚಿಂತೆಯಾಗಿರುತ್ತಾರೆ. ನನ್ನಂಥವಳು ಬಾಗಿಲ ಸಂದಿಯಲ್ಲಿ ನಿಂತು ಅರ್ಧ ಕೇಳಿಸಿಕೊಂಡು, ಉಳಿದರ್ಧವನ್ನು ತಾನೇ ಸೇರಿಸಿಕೊಳ್ಳುತ್ತಾಳೆ. ನಾನು ಸೇರಿಸಿದ ಅರ್ಧ ಒಮ್ಮೆಯೂ ಒಳ್ಳೆಯದಾಗಿದ್ದಿಲ್ಲ. ಮದುವೆಯಾಗಿ ಹೊನ್ನಾಳಿ ಕಡೆಯಿಂದ ಈ ಸೂಳೆಕೆರೆ ಬದಿಯ ಊರಿಗೆ ಬಂದ ಹೊಸದರಲ್ಲಿ ಅತ್ತೆಯೂ ನಾದಿನಿಯೂ ಪಿಸುಗುಟ್ಟುವುದು ಕಂಡು, ನನ್ನನ್ನು ತವರಿಗೆ ಅಟ್ಟುವ ಮಾತೇ ಇರಬೇಕೆಂದು ಟ್ರಂಕಿಗೆ ಬಟ್ಟೆ ತುಂಬಿಟ್ಟುಕೊಂಡಿದ್ದೆ. ಅವರು ಪಂಚಮಿಗೆ ನನಗೆ ಯಾವ ಬಣ್ಣದ ಸೀರೆ ತರಬೇಕೆಂದು ಮಾತಾಡಿಕೊಳ್ಳುತ್ತಿದ್ದರಂತೆ.

ನಮ್ಮೂರ ಶಾಲೆಗೆ ಗುರುವಾರ ಗುರುವಾರ ನರ್ಸಮ್ಮ ಬರತೊಡಗಿದಾಗಲೂ ನನಗೆ ಹಾಗೇ ಆಯಿತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ನೋಡುತ್ತಾರೆ, ಎತ್ತರ ಅಳೆಯುತ್ತಾರೆ, ಬಾಯಿ ತೆಗೆಸಿ ಹಲ್ಲು ನೋಡುತ್ತಾರೆ. ಸಂತೆಯಲ್ಲಿ ನಾವು ಎತ್ತು ಕೊಳ್ಳುವಾಗ ಮಾಡುವುದೂ ಇಷ್ಟನ್ನೇ. ನಾನು ಓದಿದ್ದು ಏಳನೆಯ ತರಗತಿ. ಆಗ ಸಿಡುಬಿನ ಚುಚ್ಚುಮದ್ದಿನವರು ಬಂದರೆಂದರೆ ಇಡೀ ತರಗತಿ ಕಿಟಕಿಯಿಂದ ಹಾರುತ್ತಿತ್ತು. ಒಮ್ಮೆ ನಾನು ಹಾರಿ ಬಿದ್ದದ್ದು ಶಾಲೆಯ ಹಿಂದೆ ಕೈತೊಳೆಯುತ್ತಿದ್ದ ಚುಚ್ಚುಮದ್ದಿನವರ ಕಾಲ ಬುಡಕ್ಕೇ. ಆ ಗುರುತು ಇನ್ನೂ ತೋಳಿನ ಮೇಲಿದೆ.

ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ನಾಲ್ಕನೆಯ ತರಗತಿಯ ಭೂಮಿಕಾ. ನಿಮ್ಮ ಅಜ್ಜ ತೀರಿಕೊಂಡ ವರ್ಷವೇ ಅವಳಿಗೆ ಬೆಳಿಗ್ಗೆ ಹೊಟ್ಟೆನೋವು ಅಂಟಿಕೊಂಡಿತು. ಅರ್ಧ ರೊಟ್ಟಿ ತಿಂದು ತಟ್ಟೆ ಸರಿಸುವಳು. ಲಂಗ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದಳು. ಓಮಿನ ಕಷಾಯ ಕುಡಿಸಿದೆ, ದೃಷ್ಟಿ ತೆಗೆದೆ, ಚನ್ನಗಿರಿಯ ಡಾಕ್ಟರಿಗೂ ತೋರಿಸಿದೆವು. ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ವಿಚಿತ್ರವೆಂದರೆ ಗುರುವಾರ ಮಾತ್ರ ಹುಡುಗಿ ಶಾಲೆಯಿಂದ ನಗುತ್ತಾ ಬಂದು ಎರಡು ರೊಟ್ಟಿ ತಿನ್ನುತ್ತಿದ್ದಳು.

"ನರ್ಸಮ್ಮ ಏನು ಕೊಟ್ರೇ?" ಎಂದೆ.

"ಏನೂ ಕೊಡ್ಲಿಲ್ಲ ಅಜ್ಜಿ. ಮಾತಾಡ್ಸಿದ್ರು."

ಮಾತಿನಿಂದ ಹೊಟ್ಟೆನೋವು ಹೋಗುವುದಾದರೆ ನಮ್ಮೂರಿನಲ್ಲಿ ಯಾರಿಗೂ ಹೊಟ್ಟೆನೋವೇ ಇರಬಾರದಿತ್ತು. ಗುಟ್ಟಾಗಿ ಏನೋ ತಿನ್ನಿಸುತ್ತಿರಬೇಕೆಂದು ಮಗುವಿನ ಬಾಯಿ ಮೂಸಿದೆ, ಶಾಲೆಯ ಚೀಲ ಬೋರಲು ಹಾಕಿದೆ. ಒಂದು ತುಂಡು ಬಳಪ ಸಿಕ್ಕಿತು. ಅದನ್ನೂ ಮೂಸಿದೆ.

ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. "ಅತ್ತೆಮ್ಮ, ನೀವು ಪೊಲೀಸರಾಗ್ಬೇಕಿತ್ತು ನೋಡ್ರಿ. ಅಷ್ಟು ಅನುಮಾನ ಇದ್ರೆ ಹೋಗಿ ಅವರನ್ನೇ ಕೇಳ್ಬಾರ್ದಾ?"

ಕೇಳಲು ಬರುವಂತಿದ್ದರೆ ನಾನೇಕೆ ಬಳಪ ಮೂಸುತ್ತಿದ್ದೆ?

ಮುಂದಿನ ಗುರುವಾರ ಭೂಮಿಕಾ ನೀರಿನ ಬಾಟಲಿ ಮರೆತು ಹೋದಳು. ಮರೆತಳು ಎನ್ನುವುದು ಪೂರ್ತಿ ನಿಜವಲ್ಲ, ನಾನೇ ಚೀಲದಿಂದ ತೆಗೆದಿಟ್ಟಿದ್ದೆ. ಅದನ್ನು ಕೊಡುವ ನೆಪದಲ್ಲಿ ಶಾಲೆಗೆ ಹೋಗಿ, ನರ್ಸಮ್ಮ ಕೂರುವ ಕೋಣೆಯ ಕಿಟಕಿಯ ಕೆಳಗೆ ಸೆರಗು ಹೊದ್ದು ಕುಳಿತೆ. ಒಳಗೆ ನಮ್ಮ ಹುಡುಗಿಯ ದನಿ ಕೇಳಿಸಿತು.

"ಅಜ್ಜಿ ಇವತ್ತೂ ನುಂಗ್ಲಿಲ್ಲ. ಅವ್ವ ಕೊಟ್ಟ ಬಿಪಿ ಮಾತ್ರೇನ ಬಾಯಿಗೆ ಹಾಕ್ಕೊಂಡಂಗೆ ಮಾಡಿ ಸಂಚಿಯಾಗೆ ಇಟ್ಕೊಂಡ್ಳು. ಈ ತಿಂಗಳ್ದೇ ಹನ್ನೊಂದು ಮಾತ್ರೆ ಐತೆ ಈಗ."

"ನಿನ್ನ ಹೊಟ್ಟೆ ಯಾವಾಗ ನೋಯಾಕೆ ಶುರುವಾಗುತ್ತೆ, ಪುಟ್ಟಿ?"

"ಅಜ್ಜಿ ಸಂಚಿ ಬಿಚ್ಚಿದಾಗ. ಅಜ್ಜ ದಿನಾ ಮಾತ್ರೆ ನುಂಗಿದ್ರೂ ಹೋದ್ರು. ಅಜ್ಜಿ ನುಂಗೋದೇ ಇಲ್ಲ. ಇನ್ನೂ ಬೇಗ ಹೋಗ್ತಾಳಲ್ವಾ?"

ನನ್ನ ಸೊಂಟದಲ್ಲಿದ್ದ ಎಲೆಅಡಿಕೆಯ ಸಂಚಿ ಕಲ್ಲಿನಷ್ಟು ಭಾರವಾಯಿತು. ನಾನು ಯೋಚಿಸಿದ್ದೇ ಬೇರೆ. ನಿಮ್ಮ ಅಜ್ಜ ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದರು, ಆದರೂ ಹೋದರು, ಆದ್ದರಿಂದ ಮಾತ್ರೆಯ ಮೇಲೇ ನನಗೆ ಅನುಮಾನ. ಅದೇ ಸಾವನ್ನು ನೋಡಿ ಮಗು ತನ್ನ ಅರ್ಧವನ್ನು ತಾನು ಸೇರಿಸಿಕೊಂಡಿತ್ತು.

ಏಳಲು ಹೋದಾಗ ಬಾಟಲಿ ಕೈಜಾರಿ ಬಿತ್ತು. ನರ್ಸಮ್ಮ ಕಿಟಕಿಯಿಂದ ಬಗ್ಗಿ, "ಒಳಗೆ ಬರ್ರಿ ಅಜ್ಜಿ, ಕುರ್ಚಿ ಐತೆ," ಎಂದರು. ಬೈಯಲಿಲ್ಲ, ಸಂಚಿ ತೋರಿಸಿ ಎನ್ನಲೂ ಇಲ್ಲ. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಅವರ ಹುಬ್ಬು ಮೇಲೇರಿತು.

"ಇದು ಬಾಳ ಹೆಚ್ಚಾಗೈತ್ರಿ. ಇವತ್ತೇ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ತೋರಿಸ್ರಿ. ಮಾತ್ರೆ ಬಗ್ಗೆ ಅನುಮಾನ ಏನಾದ್ರೂ ಐತಾ? ಕೇಳ್ರಿ, ನಾಚ್ಕೋಬ್ಯಾಡ್ರಿ."

ಅರವತ್ತು ದಾಟಿದ ಮೇಲೆ ಮೊದಲ ಸಲ ಎದುರಿಗೆ ಕುಳಿತು ಕೇಳಿದೆ. "ನಮ್ಮನೆಯವರು ಇದನ್ನ ನುಂಗಿ ನುಂಗಿನೇ ಹೋದ್ರಲ್ರಿ?"

ಅವರು ನಗಲಿಲ್ಲ. ಅಜ್ಜನಿಗೆ ಇದ್ದ ಕಾಯಿಲೆ ಯಾವುದು, ನನಗಿರುವುದು ಯಾವುದು ಎಂದು ಮಗುವಿಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಭೂಮಿಕಾ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೇಳುತ್ತಿದ್ದಳು. ಹಾಗಾದರೆ ಮಾತಿನಿಂದಲೂ ಹೊಟ್ಟೆನೋವು ಹೋಗುತ್ತದೆ ಎಂದು ಒಪ್ಪಿಕೊಂಡೆ.

ಸಂಜೆಯೇ ಆಸ್ಪತ್ರೆಗೆ ಹೋಗಿಬಂದೆ. ಈಗ ಹುಡುಗಿ ವಾರದ ಎಲ್ಲ ದಿನವೂ ಎರಡು ರೊಟ್ಟಿ ತಿನ್ನುತ್ತಾಳೆ. ಆದರೆ ತಿನ್ನುವ ಮೊದಲು ನನ್ನೆದುರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಎಂದೂ ನನಗೆ ಬಹುವಚನ ಕೊಡದವಳು, ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುವ ದಿನ ಕಲಿತ ಗತ್ತಿನಲ್ಲಿ, "ಬಾಯಿ ತೆಗೀರಿ. ನಾಲಿಗೆ ಎತ್ರಿ. ಸಂಚಿ ಬಿಚ್ರಿ," ಎನ್ನುತ್ತಾಳೆ. ಸಂಚಿಯ ಒಂದೊಂದು ಅರೆಗೂ ಬೆರಳು ಹಾಕಿ ನೋಡುತ್ತಾಳೆ. ನಿನ್ನೆ ಸುಣ್ಣದ ಡಬ್ಬಿಯನ್ನೂ ತೆರೆದು ಮೂಸಿದಳು.

ಇಷ್ಟೊಂದು ಅನುಮಾನ ಈ ಮಗುವಿಗೆ ಯಾರ ಕಡೆಯಿಂದ ಬಂತು ಎಂದು ಸೊಸೆಯನ್ನು ಕೇಳಬೇಕೆಂದಿದ್ದೇನೆ. ಕೇಳಲು ನಾಚಿಕೆ.