ಷಡ್ಡಕನ ಹಿಂದೆ ಕಾವಲಿನ ದಾರಿಯಲ್ಲಿ

ಷಡ್ಡಕ ಅಂತ ಒಬ್ಬನಿದ್ದ ಮೇಲೆ ಇಂಥವು ಆಗುತ್ತಲೇ ಇರುತ್ತವೆ, ನನಗೆ ಸ್ವಲ್ಪ ಜಾಸ್ತಿಯೇ ಆಗಿವೆ. ನಾನು ಹೊಳೆನರಸೀಪುರದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ನನ್ನ ಹೆಂಡತಿಯ ಅಕ್ಕನ ಗಂಡ ಅರಕಲಗೂಡಿನ ಕಡೆ ಕಂದಾಯ ಇಲಾಖೆಯ ಶೇಕದಾರ. ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಕಾರ್ತಿಕ ಬಂತೆಂದರೆ ನಾವೆಲ್ಲ ಚನ್ನರಾಯಪಟ್ಟಣದ ಅತ್ತೆಮನೆಯಲ್ಲಿ ಸೇರುತ್ತಿದ್ದೆವು. ಬೆಳಿಗ್ಗೆ ಎದ್ದು ದನಕುರಿ ಮೇಯುವ ಕಾವಲು ದಾಟಿ, ಕುರುಚಲು ಕಾಡು ಹೊಕ್ಕು, ನೆಲ್ಲಿಮರ ಹುಡುಕಿ ಅದರ ಬುಡದಲ್ಲಿ ವನಭೋಜನ. ಎಲ್ಲರಿಗೂ ಹಸಿವಾಗುತ್ತಿದ್ದದ್ದು ಮಧ್ಯಾಹ್ನಕ್ಕೆ. ನನಗೆ ಮಾತ್ರ ಬೆಳಿಗ್ಗೆಯಿಂದಲೇ ಹೊಟ್ಟೆ ಉರಿಯುತ್ತಿತ್ತು.

ಒಂದು: ಫ್ಲಾಸ್ಕು

ಒಂದು ವರ್ಷ ಶೇಕದಾರರು ಹೆಗಲಿಗೆ ಫ್ಲಾಸ್ಕು ನೇತುಹಾಕಿಕೊಂಡು ಬಂದರು. ಕಾಡಿನ ನಡುವೆ ಅದರಿಂದ ಹೊಗೆಯಾಡುವ ಕಾಫಿ ಬಗ್ಗಿಸಿದರು. ಅತ್ತೆಯವರು ಲೋಟ ಹಿಡಿದು, "ದೊಡ್ಡ ಅಳಿಯಂದಿರ ಕೈಗೆ ಬಂದದ್ದು ಆರೋದೇ ಇಲ್ಲ" ಅಂದರು. ನನ್ನ ಹೆಂಡತಿ ನನ್ನನ್ನೊಮ್ಮೆ ನೋಡಿದಳು. ಆ ನೋಟ ಒಂದು ವರ್ಷ ನನ್ನನ್ನು ಮಲಗಗೊಡಲಿಲ್ಲ.

ಮರುವರ್ಷ ನಮ್ಮ ಹೆಡ್‌ಮಾಸ್ಟರ ಕಾಲು ಹಿಡಿದು ಅವರ ಫ್ಲಾಸ್ಕು ತಂದೆ. ಕಾರೆಮುಳ್ಳಿಗೆ ಸಿಕ್ಕದಂತೆ, ತಂಗಡಿ ಗಿಡಕ್ಕೆ ತಾಗದಂತೆ, ಎದೆಗೆ ಅವಚಿಕೊಂಡೇ ಮೂರು ಮೈಲಿ ನಡೆದೆ. ಎಲ್ಲರೂ ನೋಡುವಂತೆ ಮುಚ್ಚಳ ತೆಗೆದು ಮೊದಲ ಲೋಟವನ್ನು ಶೇಕದಾರರಿಗೇ ಕೊಟ್ಟೆ. ಅವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ನಾನೂ ಕುಡಿದೆ. ಬಾವಿನೀರಿನ ಹಾಗಿತ್ತು.

"ಏನೇ ಇದು?" ಅಂತ ಹೆಂಡತಿಯನ್ನು ಕೇಳಿದೆ.

"ಒಳಗಡೆ ಗಾಜು ಇದೆಯಂತಲ್ಲ. ಬಿಸಿ ಹಾಕಿದ್ರೆ ಒಡೆದೀತು ಅಂತ ಚೆನ್ನಾಗಿ ಆರಿಸಿ ಹಾಕ್ದೆ" ಅಂದಳು.

ಫ್ಲಾಸ್ಕಿನ ತಪ್ಪೇನಿಲ್ಲ. ತಣ್ಣಗೆ ಕೊಟ್ಟದ್ದನ್ನು ತಣ್ಣಗೇ ಕಾಪಾಡಿತ್ತು.

ಎರಡು: ಹೆಜ್ಜೆ ಗುರುತು

ಇನ್ನೊಂದು ಸಲ ಕಾವಲಿನ ಹಸಿಮಣ್ಣಿನಲ್ಲಿ ಹೆಜ್ಜೆ ಗುರುತು ಕಂಡಿತು. ಶೇಕದಾರರು ಹ್ಯಾಟು ಸರಿಮಾಡಿಕೊಂಡು, ಬೆತ್ತದಿಂದ ತೋರಿಸಿ, "ಚಿರತೆ" ಅಂದರು. ಹೆಂಗಸರೆಲ್ಲ ಅವರ ಬೆನ್ನಹಿಂದೆ ಸರಿದರು. ನನ್ನ ಹೆಂಡತಿಯೂ ಅಲ್ಲಿಗೇ ಹೋದಳು. ಅಲ್ಲೇ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಬಗ್ಗಿ ನೋಡಿ, "ಊಂ ಸಾ, ಚಿರ್ತೇನೇಯ" ಅಂದ.

ನಾಲ್ಕು ಮಾರು ಆಚೆ ಇನ್ನೊಂದು ಗುರುತಿತ್ತು. ಬಿಡಬಾರದೆಂದು ನಾನು, "ಇದು ತೋಳ" ಅಂದೆ.

"ಅಲ್ಲ ಸಾ. ನಮ್ ನಾಯಿದು" ಅಂದ ಮುದುಕ.

ಎಲ್ಲರೂ ನಕ್ಕು ಮುಂದೆ ಹೋದರು. ನಾನು ಮುದುಕನನ್ನು ತಡೆದು, "ಹಾಗಾದ್ರೆ ಆ ಮೊದಲನೇದು?" ಅಂತ ಕೇಳಿದೆ.

"ಅದೂ ನಮ್ ನಾಯಿದೇ ಕಣ್ ಸಾ" ಅಂದ ಮೆಲ್ಲಗೆ. "ಆದ್ರೆ ಅವ್ರು ಶೇಕ್ದಾರ್ರು."

ಮೂರು: ದಾರಿಯ ಕಲ್ಲು

ಕಡೆಗೊಂದು ವರ್ಷ ಮಾವನವರಿಗೆ ಕರುಣೆ ಬಂತು. "ಈ ಸಲ ದಾರಿ ತೋರಿಸೋದು ಮೇಷ್ಟ್ರು" ಅಂದರು. ಇದೊಂದರಲ್ಲಿ ಗೆದ್ದರೆ ಸಾಕು, ಅತ್ತೆಯವರ ಬಾಯಲ್ಲಿ ಒಂದು ಒಳ್ಳೆಯ ಮಾತು ಬಂದೀತು ಅಂತ ನನ್ನ ಆಸೆ. ಹಿಂದಿನ ದಿನವೇ ಒಬ್ಬನೇ ಹೋಗಿ ಕಾಯಿ ತುಂಬಿದ ನೆಲ್ಲಿಮರ ಹುಡುಕಿದೆ. ದಾರಿ ಕವಲೊಡೆಯುವ ಮೂರು ಕಡೆ ಗುರುತಿಗೆ ಒಂದೊಂದು ಕಲ್ಲು ನಿಲ್ಲಿಸಿದೆ. ಸೀಮೆಸುಣ್ಣ ಬಳಿದರೆ ಇಬ್ಬನಿಗೆ ಅಳಿಸಿಹೋಗುತ್ತದೆಂದು ಹೆಂಡತಿಯ ಅರಿಶಿನ ಕುಂಕುಮವನ್ನೇ ಎಣ್ಣೆಯಲ್ಲಿ ಕಲಸಿ ಬಳಿದೆ.

ಮೊದಲನೇ ಕಲ್ಲು ಕಂಡದ್ದೇ ತಡ, ಅತ್ತೆಯವರು ಚಪ್ಪಲಿ ಬಿಟ್ಟು ಮೂರು ಸುತ್ತು ಬಂದರು. ಎರಡನೆಯದಕ್ಕೆ ಚಟ್ನಿಗೆಂದು ತಂದಿದ್ದ ತೆಂಗಿನಕಾಯಿ ಒಡೆದರು. ಮೂರನೆಯದಕ್ಕೆ ನಮಗಿಂತ ಮುಂಚೆಯೇ ಯಾರೋ ಕುರಿಯವರು ಕಣಗಿಲೆ ಹೂ ಇಟ್ಟು ಊದುಕಡ್ಡಿ ಹಚ್ಚಿ ಹೋಗಿದ್ದರು.

ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಶೇಕದಾರರು ಹ್ಯಾಟು ತೆಗೆದು ಕಂಕುಳಲ್ಲಿಟ್ಟುಕೊಂಡು, "ಬಹಳ ಪುರಾತನ ದೇವರು. ನನಗೆ ಮೊದಲಿಂದ ಗೊತ್ತು. ಕೇಳಿದ್ದು ಕೊಡದೆ ಬಿಟ್ಟದ್ದಿಲ್ಲ" ಅಂದರು.

"ದೊಡ್ಡ ಅಳಿಯಂದಿರಿಗೆ ತಿಳೀದೇ ಇರೋದು ಏನಿದೆ" ಅಂದರು ಅತ್ತೆಯವರು.

ಈಗ ಹೇಳಿದರೆ ಅತ್ತೆಯವರಿಂದ ದಾರಿಯ ಗುರುತಿಗೆ ಪ್ರದಕ್ಷಿಣೆ ಹಾಕಿಸಿದ ಅಳಿಯ ನಾನೇ ಆಗುತ್ತೇನೆ. ಬಾಯಿ ಮುಚ್ಚಿದೆ.

"ಮೇಷ್ಟ್ರೇ, ಕಂಬದ ಹಾಗೆ ನಿಂತಿದ್ದೀರಲ್ಲ. ನೀವೂ ಏನಾದ್ರೂ ಬೇಡ್ಕೊಳ್ಳಿ" ಅಂದರು ಶೇಕದಾರರು.

ನಾನೇ ಬಳಿದ ಕುಂಕುಮಕ್ಕೆ ನಾನೇ ಉದ್ದಂಡ ಅಡ್ಡಬಿದ್ದೆ. ಬಿದ್ದದ್ದಕ್ಕಾದರೂ ಏನಾದರೂ ಸಿಗಲಿ ಎಂದು ಮನಸಾರೆ ಬೇಡಿಕೊಂಡೆ: ಅಪ್ಪಾ, ಈ ಮನುಷ್ಯನನ್ನು ಅರಕಲಗೂಡಿನಿಂದ ಎತ್ತಂಗಡಿ ಮಾಡು. ಎಲ್ಲಿಗೆ ಅಂತ ಹೇಳುವುದು ಹೊಳೆಯಲಿಲ್ಲ.

ತಿಂಗಳೊಳಗೆ ಅತ್ತೆಯವರ ಕಾಗದ ಬಂತು. ಶೇಕದಾರರಿಗೆ ವರ್ಗವಾಗಿದೆ, ಬಡ್ತಿಯ ಮೇಲೆ, ಹೊಳೆನರಸೀಪುರಕ್ಕೇ. ನಮ್ಮ ಎದುರುಮನೆ ಖಾಲಿ ಇದೆಯಂತಲ್ಲ, ಸುಣ್ಣ ಹೊಡೆಸಿ ಇಡಬೇಕಂತೆ.